ಗಾಳಿ ಬಂದಾಗ ತೂರಲಾಗದ ಓಟಗಾರರು

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ನಮ್ಮ ಹಿರಿಯರ ಮಾತು. ಕಣದಲ್ಲಿ ರಾಶಿಯನ್ನಿಟ್ಟುಕೊಂಡ ರೈತನು ಗಾಳಿಯ ದಾರಿಯನ್ನೇ ಕಾದಿದ್ದು, ಅದು ಬೀಸಿದೊಡನೆ ಮೊರವನ್ನೆತ್ತಿ ತೂರುವನು. ಆ ಹೊತ್ತು ತಪ್ಪಿದರೆ ಕಾಳೂ ಹೊಟ್ಟೂ ಬೇರೆಯಾಗವು. ಈ ಬುದ್ಧಿವಾದವನ್ನು ಒಪ್ಪದವರಾರೂ ಇಲ್ಲ. ಆದರೆ ಗಾಳಿ ಬೀಸುವ ಹೊತ್ತಿನಲ್ಲಿ ಮೊರವು ಪರರ ವಶದಲ್ಲಿದ್ದು, ಅದು ತನ್ನ ಕೈಗೆ ಬರುವ ವೇಳೆಗೆ ಗಾಳಿಯೇ ನಿಂತುಹೋಗಿದ್ದರೆ ಆ ರೈತನ ಗತಿಯೇನು? ಇಂತಹದೊಂದು ಇಕ್ಕಟ್ಟಿನಲ್ಲಿ ಸಿಕ್ಕಿರುವ ಒಂದು ವೃತ್ತಿಯವರ ವೃತ್ತಾಂತವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡುವೆವು. ಅವರು ಅಮೇರಿಕಾ ದೇಶದ ಫುಟ್‌ಬಾಲ್ ಆಟದಲ್ಲಿ ಚೆಂಡನ್ನು ಹೊತ್ತು ಓಡುವವರು. ಅಲ್ಲಿಯವರು ಅವರನ್ನು ರನ್ನಿಂಗ್ ಬ್ಯಾಕ್ ಎನ್ನುವರು; ನಾವು ಓಟಗಾರರೆಂದೇ ಕರೆಯುವೆವು.

ಸಪ್ತಸಾಗರಗಳಾಚೆಯ ಆಟದ ಗೊಡವೆ ನಮಗೇಕೆಂದು ಕೆಲವರು ಕೇಳಬಹುದು. ಆಟವು ಅವರದು, ದಿಟ. ಆದರೆ ಮೈಮುರಿದು ದುಡಿಯುವವನಿಗೆ ಕೂಲಿ ಯಾವಾಗ ಸಲ್ಲಬೇಕು, ಅವನ ದುಡಿಮೆಯ ಬೆಲೆಯನ್ನು ಕಟ್ಟುವವರು ಯಾರು ಎಂಬ ಪ್ರಶ್ನೆಗಳು ಎಲ್ಲ ದೇಶಗಳಿಗೂ ಎಲ್ಲ ಮನೆಗಳಿಗೂ ಸಂಬಂಧಪಟ್ಟವು. ಆದುದರಿಂದ ವಾಚಕರು ಸ್ವಲ್ಪ ಸೈರಣೆಯಿಂದ ಓದಬೇಕೆಂದು ಬಿನ್ನಹ.

ಆಟದ ಪರಿ

ಮೊದಲು ಆಟದ ಪರಿಯನ್ನು ತಿಳಿಯುವುದು ಅವಶ್ಯ. ಹೆಸರು ಫುಟ್‌ಬಾಲ್ ಎಂದಿದ್ದರೂ ಈ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಗುಂಡಗಿರದೆ ಎರಡು ತುದಿಗಳಲ್ಲಿಯೂ ಚೂಪಾಗಿ ಸಿಪ್ಪೆಯಿರುವ ತೆಂಗಿನಕಾಯಿಯನ್ನು ಹೋಲುವುದು. ಮೈದಾನದ ಉದ್ದ ೧೦೦ ಗಜ. ಎರಡು ಕೊನೆಗಳಲ್ಲಿಯೂ ಹತ್ತು ಹತ್ತು ಗಜಗಳ ಅಂಕಣಗಳುಂಟು. ಪ್ರತಿಪಕ್ಷದ ಅಂಕಣಕ್ಕೆ ಚೆಂಡನ್ನು ಒಯ್ದು ಮುಟ್ಟಿಸಿದರೆ ಆರು ಅಂಕಗಳು. ಎರಡು ಪಕ್ಷಗಳಲ್ಲಿಯೂ ಒಂದೇ ಸಲಕ್ಕೆ ಹನ್ನೊಂದು ಮಂದಿ ಆಡುವರು. ಚೆಂಡನ್ನು ಪಡೆದ ಪಕ್ಷವು ನಾಲ್ಕು ಯತ್ನಗಳೊಳಗಾಗಿ ಹತ್ತು ಗಜ ಮುಂದುವರಿಯಬೇಕು. ಮುಂದುವರಿದರೆ ಮತ್ತೆ ನಾಲ್ಕು ಯತ್ನಗಳು ದೊರೆಯುವುವು; ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲಾಗುವುದು.

ಮುಂದುವರಿಯಲು ಎರಡು ಮಾರ್ಗಗಳಿವೆ. ದಳಪತಿಯಂತಿರುವ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನು ದೂರದಲ್ಲಿ ಓಡುತ್ತಿರುವ ತನ್ನವನೊಬ್ಬನಿಗೆ ಚೆಂಡನ್ನು ಎಸೆಯಬಹುದು. ಅಥವಾ ತನ್ನ ಬಳಿಯಲ್ಲಿರುವ ಓಟಗಾರನ ಕೈಗೆ ಅದನ್ನು ಕೊಡಬಹುದು. ಓಟಗಾರನು ಚೆಂಡನ್ನು ಎದೆಗವಚಿಕೊಂಡು ಮುಂದಿನ ಸಾಲಿನ ಭಾರಿ ಆಳುಗಳು ತೆರೆದ ಸಂದಿನಲ್ಲಿ ನುಗ್ಗುವನು. ಎದುರಾಳಿಗಳು ಅವನ ಮೇಲೆ ಬಿದ್ದು ನೆಲಕ್ಕೆ ಕೆಡಹುವರು. ಅವನು ಎದ್ದು, ಧೂಳು ಕೊಡವಿಕೊಂಡು, ಪುನಃ ಅದೇ ಕೆಲಸಕ್ಕೆ ನಿಲ್ಲುವನು. ಒಂದು ಪಂದ್ಯದಲ್ಲಿ ಇಪ್ಪತ್ತು ಸಲ, ಒಂದು ಋತುವಿನಲ್ಲಿ ಮುನ್ನೂರು ಸಲ ಹೀಗೆ ಚೆಂಡನ್ನು ಹೊರುವುದು ಮುಖ್ಯ ಓಟಗಾರನಿಗೆ ಹೊಸದಲ್ಲ. ಅಷ್ಟು ಸಲವೂ ಮೈಗೆ ಪೆಟ್ಟು ತಪ್ಪಿದ್ದಲ್ಲ.

ಓಟಗಾರನ ಸುವರ್ಣಕಾಲ

ಈ ವೃತ್ತಿಯವರ ಸಂಘಟನೆಯಾದ ನ್ಯಾಷನಲ್ ಫುಟ್‌ಬಾಲ್ ಲೀಗ್ ೧೯೨೦ರಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿ ೧೯೨೨ರಲ್ಲಿ ಈಗಿನ ಹೆಸರನ್ನು ತಳೆಯಿತು. ಮೊದಮೊದಲು ಅದಕ್ಕೆ ಪ್ರೇಕ್ಷಕರ ಕೊರತೆ ಬಹಳವಾಗಿತ್ತು. ೧೯೨೫ರ ನವೆಂಬರಿನಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ರೆಡ್ ಗ್ರೇಂಜ್ ಎಂಬ ತರುಣ ಓಟಗಾರನು ಷಿಕಾಗೋ ಬೇರ್ಸ್ ತಂಡವನ್ನು ಸೇರಿದನು. 'ನಾಗಾಲೋಟದ ಭೂತ'ವೆಂದು ಅವನಿಗೆ ಅಡ್ಡಹೆಸರು. ಡಿಸೆಂಬರಿನಲ್ಲಿ ಅವನ ತಂಡವು ನ್ಯೂಯಾರ್ಕಿಗೆ ಬಂದಾಗ ಅವನನ್ನು ಕಾಣಲು ಅರವತ್ತು ಸಾವಿರಕ್ಕೂ ಮಿಕ್ಕ ಜನರು ನೆರೆದರು. ಹಣ ತೆತ್ತು ನೋಡಬೇಕಾದ ಆಟವಿದು ಎಂಬ ನಂಬಿಕೆಯನ್ನು ಆ ದೇಶದಲ್ಲಿ ಬೇರೂರಿಸಿದವರಲ್ಲಿ ಓಟಗಾರನೇ ಮುಂದಾಳೆಂದರೆ ಅತ್ಯುಕ್ತಿಯಾಗದು.

ಆ ಮೇಲೆ ಬಂದವರಲ್ಲಿ ಜಿಮ್ ಬ್ರೌನನ ಹೆಸರು ಚಿರಸ್ಥಾಯಿಯಾದುದು. ಈತನು ೧೯೫೭ರಿಂದ ೧೯೬೫ರವರೆಗೆ ಕ್ಲೀವ್‌ಲೆಂಡ್ ತಂಡದಲ್ಲಿ ಒಂಬತ್ತು ಋತುಗಳನ್ನು ಆಡಿ, ಅವುಗಳಲ್ಲಿ ಎಂಟರಲ್ಲಿ ಲೀಗಿನ ಅಗ್ರಗಣ್ಯ ಓಟಗಾರನೆನಿಸಿದನು. ಒಟ್ಟು ೧೨,೩೧೨ ಗಜಗಳನ್ನು ಓಡಿ, ಶಕ್ತಿ ಇನ್ನೂ ಕುಂದದಿರುವಾಗಲೇ ಮೂವತ್ತನೆಯ ವಯಸ್ಸಿನಲ್ಲಿ ಆಟವನ್ನು ಬಿಟ್ಟು ಚಲಚ್ಚಿತ್ರರಂಗಕ್ಕೆ ಹೋದನು. ತನ್ನ ಗಾಳಿಯನ್ನು ತಾನೇ ಅರಿತು ಕಣದಿಂದೆದ್ದ ಅಪರೂಪದ ಪುರುಷನಿವನು.

ಎಲ್ಲರಿಗೂ ಅಂತಹ ಬಿಡುಗಡೆ ಲಭಿಸಲಿಲ್ಲ. ಟೆಕ್ಸಾಸ್ ಸಂಸ್ಥಾನದ ಟೈಲರ್ ಎಂಬ ಊರಿನ ಅರ್ಲ್ ಕ್ಯಾಂಪ್‌ಬೆಲ್ಲನ ಕಥೆ ಮನಕರಗಿಸುವಂತಹದು. ಹನ್ನೊಂದು ಮಕ್ಕಳ ಬಡ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಗುಲಾಬಿಯ ತೋಟಗಳಲ್ಲಿ ಕೆಲಸ ಮಾಡಿ ಬೆಳೆದವನು ಈತ. ೧೯೭೮ರಲ್ಲಿ ಹೂಸ್ಟನ್ ತಂಡವು ದೇಶದ ಹೊಸ ಆಟಗಾರರೆಲ್ಲರಲ್ಲಿ ಇವನನ್ನೇ ಮೊದಲನೆಯವನಾಗಿ ಆರಿಸಿಕೊಂಡಿತು. ಬಂದ ಹಣದಲ್ಲಿ ಇವನು ತಾಯಿಗೆ ಹೊಸ ಮನೆಯನ್ನು ಕಟ್ಟಿಸಿಕೊಟ್ಟನು. ಮೊದಲ ಮೂರು ಋತುಗಳಲ್ಲಿಯೂ ಲೀಗಿನಲ್ಲಿ ಇವನೇ ಮೊದಲಿಗ. ೧೯೮೦ರಲ್ಲಿ ಮಾತ್ರವೇ ೩೭೩ ಸಲ ಚೆಂಡು ಹೊತ್ತು ೧,೯೩೪ ಗಜ ಓಡಿದನು. ಎದುರಾಳಿಯನ್ನು ತಪ್ಪಿಸಿಕೊಂಡು ಹೋಗುವುದಕ್ಕಿಂತ ಅವನ ಮೇಲೆಯೇ ನುಗ್ಗಿಹೋಗುವುದು ಇವನ ರೀತಿ. ೧೯೮೫ರ ಋತುವಿಗೆ ಇವನ ಆಟವು ಮುಗಿಯಿತು. ಬಳಿಕ ಬೆನ್ನಿಗೂ ಮೊಣಕಾಲುಗಳಿಗೂ ಶಸ್ತ್ರಚಿಕಿತ್ಸೆಗಳಾದುವು. ನಡುವಯಸ್ಸಿನಲ್ಲಿಯೇ ಊರುಗೋಲಿನ ಮತ್ತು ಗಾಲಿಕುರ್ಚಿಯ ನೆರವು ಬೇಕಾಯಿತು. ಓಟಕ್ಕೆ ಹೆಸರಾದ ಕಾಲುಗಳು ನಡಿಗೆಗೂ ಒದಗದಾದುವು. ಈ ವೃತ್ತಿಯಲ್ಲಿ ಗಜಗಳ ಲೆಕ್ಕವನ್ನು ಇನ್ನೊಂದು ಪುಸ್ತಕದಲ್ಲಿ ಮೈಯೂ ಬರೆದಿಡುವುದೆಂಬುದನ್ನು ನಾವು ಮರೆಯಲಾಗದು.

ಆ ಕಾಲದಲ್ಲಿ ಮೈಯ ಸವೆತಕ್ಕೆ ತಕ್ಕ ಮರ್ಯಾದೆಯಾದರೂ ಇದ್ದಿತು. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಎಂಬ ವಾರ್ಷಿಕ ಏರ್ಪಾಡಿನಲ್ಲಿ ೧೯೭೭, ೧೯೭೮, ೧೯೮೦, ೧೯೮೧ ಈ ನಾಲ್ಕು ವರ್ಷಗಳಲ್ಲಿಯೂ ಮೊಟ್ಟಮೊದಲ ಆಯ್ಕೆ ಓಟಗಾರನೇ. ೧೯೯೩ರಲ್ಲಿ ಡಾಲಸ್ ತಂಡದ ಎಮ್ಮಿಟ್ ಸ್ಮಿತ್ ಸಂಬಳದ ವಿವಾದದಿಂದ ಆಡದೆ ಕುಳಿತನು. ಹಿಂದಿನ ಋತುವಿನಲ್ಲಿ ಗೆದ್ದು ಬೀಗಿದ್ದ ಆ ತಂಡವು ಮೊದಲೆರಡು ಪಂದ್ಯಗಳನ್ನೂ ಸೋತಿತು. ಮಾಲೀಕನು ಮಣಿದನು, ಸ್ಮಿತ್ ಮರಳಿದನು, ಆ ಋತುವಿನಲ್ಲಿಯೂ ಪ್ರಶಸ್ತಿ ಡಾಲಸಿಗೇ ಬಂದಿತು. ಈತನೇ ಮುಂದೆ ೧೮,೩೫೫ ಗಜಗಳ ದಾಖಲೆಯನ್ನು ಸ್ಥಾಪಿಸಿದವನು. ಓಟಗಾರನು ಕೈಕಟ್ಟಿ ಕುಳಿತರೆ ತಂಡವೇ ನಿಲ್ಲುವುದೆಂದು ಅಂದು ಎಲ್ಲರೂ ನಂಬಿದ್ದರು.

ಇಳಿಮುಖಕ್ಕೆ ಕಾರಣಗಳು

ಆದರೆ ಇಳಿಮುಖದ ಬೀಜವು ಅಷ್ಟರಲ್ಲಿಯೇ ಬಿತ್ತಲ್ಪಟ್ಟಿತ್ತು. ೧೯೭೮ರಲ್ಲಿ ಲೀಗು ನಿಯಮಗಳನ್ನು ಬದಲಾಯಿಸಿತು. ಚೆಂಡನ್ನು ಹಿಡಿಯಲು ಓಡುವವನನ್ನು ಐದು ಗಜಗಳಾಚೆ ಎದುರಾಳಿಯು ತಡೆದು ನೂಕಕೂಡದೆಂದು ವಿಧಿಸಿತು. ಕ್ವಾರ್ಟರ್‌ಬ್ಯಾಕಿಗೆ ಕಾವಲಾಗಿರುವ ಮುಂದಿನ ಸಾಲಿನವರು ಕೈಗಳನ್ನು ಚಾಚಿ ಎದುರಾಳಿಗಳನ್ನು ತಡೆಯಬಹುದೆಂದಿತು. ಎಸೆತದ ಆಟವನ್ನು ಬೆಳೆಸುವುದೇ ಇದರ ಉದ್ದೇಶ. ೧೯೭೭ರವರೆಗೆ ತಂಡಗಳು ಎಸೆಯುವುದಕ್ಕಿಂತ ಹೆಚ್ಚು ಸಲ ಓಡುತ್ತಿದ್ದುವು; ಕ್ರಮೇಣ ಈ ಪ್ರಮಾಣವು ತಿರುಗುಮುರುಗಾಯಿತು. ಲೆಕ್ಕವು ಸರಳವಾದುದು. ಒಂದು ಓಟದಿಂದ ಸರಾಸರಿ ನಾಲ್ಕು ಗಜಕ್ಕೆ ತುಸು ಮೇಲ್ಪಟ್ಟು ಲಾಭವಾದರೆ, ಒಂದು ಎಸೆತದಿಂದ ಏಳು ಗಜದ ಸುಮಾರಿಗೆ ಲಾಭವುಂಟು. ವರ್ತಕನು ಯಾವ ಸರಕನ್ನು ತುಂಬಿಕೊಳ್ಳುವನೆಂದು ಹೇಳಬೇಕಾದುದಿಲ್ಲವಷ್ಟೆ.

ಎರಡನೆಯ ಪೆಟ್ಟು ಡೆನ್ವರ್ ನಗರದಿಂದ ಬಂದಿತು. ಅಲ್ಲಿ ಟೆರೆಲ್ ಡೇವಿಸ್ ಎಂಬ ಓಟಗಾರನಿದ್ದನು. ೧೯೯೫ರಲ್ಲಿ ೧೯೬ನೆಯ ಆಯ್ಕೆಯಾಗಿ, ಹೆಚ್ಚು ನಿರೀಕ್ಷೆಯಿಲ್ಲದೆ ಬಂದವನು ೧೯೯೮ರಲ್ಲಿ ೨,೦೦೮ ಗಜ ಓಡಿ ಲೀಗಿನ ಶ್ರೇಷ್ಠ ಆಟಗಾರನೆನಿಸಿದನು. ಮರು ವರ್ಷವೇ ಅವನ ಮೊಣಕಾಲು ಮುರಿದಂತಾಯಿತು. ಅವನ ಜಾಗಕ್ಕೆ ಬಂದ ಒಲಾಂಡಿಸ್ ಗ್ಯಾರಿ ೧೯೯೯ರಲ್ಲಿ ೧,೧೫೯ ಗಜ ಓಡಿದನು. ಅವನ ತರುವಾಯ ಮೈಕ್ ಆಂಡರ್ಸನ್ ಎಂಬ ಮತ್ತೊಬ್ಬನು ೨೦೦೦ದಲ್ಲಿ ೧,೪೮೭ ಗಜ ಓಡಿದನು. ಮುಂದಿನ ಸಾಲಿನವರು ಒಂದೇ ದಿಕ್ಕಿಗೆ ಒಟ್ಟಾಗಿ ಸರಿದು ಎದುರಾಳಿಗಳನ್ನು ತಳ್ಳುವ ಶಿಸ್ತಿನ ವಿಧಾನವನ್ನು ಆ ತಂಡವು ರೂಢಿಸಿದ್ದುದೇ ಇದರ ಗುಟ್ಟು. ಇದನ್ನು ಕಂಡ ಇತರರು, ಗೋಡೆಯನ್ನು ಕಟ್ಟಿದವರದೇ ಹಿರಿಮೆ, ಬಾಗಿಲಲ್ಲಿ ನುಗ್ಗುವವನು ಯಾರಾದರೇನು ಎಂದುಕೊಂಡರು. ತನಗಿಂತ ಅಗ್ಗದವನು ತನ್ನ ಕೆಲಸವನ್ನು ಮುಕ್ಕಾಲು ಪಾಲು ಮಾಡಬಲ್ಲನೆಂದು ಯಜಮಾನನಿಗೆ ತಿಳಿದ ದಿನವೇ ಆಳಿನ ಬೆಲೆಯು ಇಳಿಯತೊಡಗುವುದು.

ಮೂರನೆಯದು ಹಣದ ಕಟ್ಟುಪಾಡು. ೧೯೯೪ರಿಂದ ಪ್ರತಿಯೊಂದು ತಂಡವೂ ತನ್ನ ಆಟಗಾರರಿಗೆಲ್ಲ ಸೇರಿ ಕೊಡಬಹುದಾದ ಸಂಬಳಕ್ಕೆ ಮೇಲ್ಮಿತಿಯನ್ನು ಗೊತ್ತುಮಾಡಲಾಯಿತು. ಆ ವರ್ಷ ಅದು ೩ ಕೋಟಿ ೪೬ ಲಕ್ಷ ಡಾಲರು. ಸಂಸಾರ ತೂಗಿಸುವ ನಮ್ಮ ವಾಚಕರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ವರಮಾನವು ಗೊತ್ತಾಗಿರುವಾಗ ಒಂದು ಬಾಬಿಗೆ ಹೆಚ್ಚು ಕೊಟ್ಟರೆ ಇನ್ನೊಂದರಲ್ಲಿ ಕೈಬಿಗಿಹಿಡಿಯಲೇಬೇಕು. ಎಸೆಯುವವನಿಗೂ, ಹಿಡಿಯುವವನಿಗೂ, ಎಸೆಯುವವನನ್ನು ಕಾಯುವವನಿಗೂ, ಅವನ ಮೇಲೆ ನುಗ್ಗುವ ಎದುರಾಳಿಗೂ ಹಣವು ಹರಿಯಿತು. ಉಳಿತಾಯದ ಬಾಬು ಯಾವುದೆಂದು ಹುಡುಕಿದವರಿಗೆ ಓಟಗಾರನು ಕಣ್ಣಿಗೆ ಬಿದ್ದನು.

ಇದರ ಗುರುತು ಡ್ರಾಫ್ಟಿನಲ್ಲಿ ಕಾಣುವುದು. ೧೯೯೫ರಲ್ಲಿ ಕೀ-ಜಾನಾ ಕಾರ್ಟರ್ ಎಂಬುವನು ಮೊದಲನೆಯ ಆಯ್ಕೆಯಾದನು. ಆದರೆ ಅಭ್ಯಾಸಪಂದ್ಯದಲ್ಲಿ ಮೂರನೆಯ ಸಲ ಚೆಂಡು ಹೊರುವಾಗಲೇ ಅವನ ಮೊಣಕಾಲಿಗೆ ಗಾಯವಾಯಿತು. ಅಂದಿನಿಂದ ೨೦೨೫ರವರೆಗಿನ ಮೂವತ್ತು ವರ್ಷಗಳಲ್ಲಿ ಯಾವ ಓಟಗಾರನೂ ಆ ಸ್ಥಾನಕ್ಕೆ ಬರಲಿಲ್ಲ. ೧೯೯೯ರಲ್ಲಿ ನ್ಯೂ ಆರ್ಲಿಯನ್ಸ್ ತಂಡವು ರಿಕಿ ವಿಲಿಯಮ್ಸ್ ಎಂಬ ಒಬ್ಬ ಓಟಗಾರನಿಗಾಗಿ ಆ ವರ್ಷದ ತನ್ನ ಉಳಿದೆಲ್ಲ ಆಯ್ಕೆಯ ಹಕ್ಕುಗಳನ್ನೂ ಧಾರೆಯೆರೆದು, ಆ ಋತುವಿನ ಹದಿನಾರು ಪಂದ್ಯಗಳಲ್ಲಿ ಮೂರನ್ನು ಮಾತ್ರ ಗೆದ್ದಿತು. ೨೦೧೩ ಮತ್ತು ೨೦೧೪ರಲ್ಲಿ ಮೊದಲ ಸುತ್ತಿನಲ್ಲಿ ಒಬ್ಬ ಓಟಗಾರನನ್ನೂ ಯಾರೂ ಆರಿಸಲಿಲ್ಲ. ಇತ್ತ ೨೦೨೨ರಲ್ಲಿ ಕಾನ್ಸಾಸ್ ಸಿಟಿ ತಂಡವು ೨೫೧ನೆಯ ಆಯ್ಕೆಯಾಗಿ ತೆಗೆದುಕೊಂಡ ಐಸಯಾ ಪಚೇಕೋ ಎಂಬ ತರುಣನು, ಅದು ಸತತವಾಗಿ ಗೆದ್ದ ಎರಡು ಪ್ರಶಸ್ತಿಗಳಲ್ಲಿಯೂ ಮುಖ್ಯ ಓಟಗಾರನಾಗಿದ್ದನು. ಲೀಗಿನ ಶ್ರೇಷ್ಠ ಆಟಗಾರನೆಂಬ ಗೌರವವು ೨೦೧೨ರಲ್ಲಿ ಏಡ್ರಿಯನ್ ಪೀಟರ್ಸನ್ ಎಂಬ ಓಟಗಾರನಿಗೆ ಸಂದಿತು. ಹಿಂದಿನ ವರ್ಷದ ಕೊನೆಗೆ ಮೊಣಕಾಲಿನ ತಂತು ಹರಿದಿದ್ದರೂ ಅವನು ೨,೦೯೭ ಗಜ ಓಡಿ, ೧೯೮೪ರಲ್ಲಿ ಎರಿಕ್ ಡಿಕರ್ಸನ್ ಓಡಿದ್ದ ೨,೧೦೫ ಗಜಗಳ ದಾಖಲೆಗೆ ಎಂಟೇ ಗಜ ಕಡಿಮೆಯಾದನು. ಅಂತಹವನ ತರುವಾಯ ೨೦೧೩ರಿಂದ ೨೦೨೪ರವರೆಗೆ ಹನ್ನೆರಡು ಸಲವೂ ಆ ಗೌರವವು ಕ್ವಾರ್ಟರ್‌ಬ್ಯಾಕುಗಳಿಗೇ ಹೋಯಿತು.

ಮೊರವು ಯಾರ ಕೈಯಲ್ಲಿ?

ಇದುವರೆಗೆ ಹೇಳಿದುದು ಪೇಟೆಯ ಧಾರಣೆಯ ಮಾತು. ಧಾರಣೆಯು ಏರುವುದೂ ಇಳಿಯುವುದೂ ಲೋಕರೂಢಿ. ಅದಕ್ಕಾಗಿ ಯಾರನ್ನೂ ದೂರಲಾಗದು. ನಮ್ಮ ಮನಸ್ಸನ್ನು ಕಲಕುವ ಸಂಗತಿ ಬೇರೊಂದಿದೆ.

೨೦೧೧ರಲ್ಲಿ ಮಾಲೀಕರಿಗೂ ಆಟಗಾರರ ಸಂಘಕ್ಕೂ ಆದ ಒಪ್ಪಂದದಂತೆ, ಡ್ರಾಫ್ಟಿನಲ್ಲಿ ಆಯ್ಕೆಯಾದ ಹೊಸಬನು ನಾಲ್ಕು ವರ್ಷಗಳ ಕರಾರಿಗೆ ಒಳಪಡುವನು. ಅದರ ಸಂಬಳವು ಆಯ್ಕೆಯ ಕ್ರಮಾಂಕಕ್ಕೆ ಅನುಸಾರವಾಗಿ ಹೆಚ್ಚು ಕಡಮೆ ಮೊದಲೇ ಗೊತ್ತಾಗಿರುವುದು. ಮೂರು ಋತುಗಳು ಮುಗಿಯುವ ತನಕ, ಅವನು ಎಷ್ಟೇ ಮೆರೆದರೂ, ಹೊಸ ಕರಾರನ್ನು ಮಾಡಿಕೊಳ್ಳುವಂತಿಲ್ಲ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಾದರೆ ಐದನೆಯ ವರ್ಷವೂ ಅವನನ್ನು ಇರಿಸಿಕೊಳ್ಳುವ ಹಕ್ಕು ತಂಡಕ್ಕುಂಟು. ಇದೆಲ್ಲ ಮುಗಿದರೂ ಫ್ರಾಂಚೈಸ್ ಟ್ಯಾಗ್ ಎಂಬ ಮತ್ತೊಂದು ಪಾಶವಿದೆ. ಕರಾರು ತೀರಿದ ಆಟಗಾರನೊಬ್ಬನನ್ನು, ಅವನ ಸ್ಥಾನದಲ್ಲಿ ಅತ್ಯಧಿಕ ಸಂಬಳ ಪಡೆಯುವವರ ಸರಾಸರಿಯಿಂದ ಎಣಿಸಿದ ಮೊತ್ತಕ್ಕೆ, ಇನ್ನೊಂದು ವರ್ಷ ಕಟ್ಟಿಹಾಕಬಹುದು.

ಈ ಕರಾರು ಎಲ್ಲ ಸ್ಥಾನದವರಿಗೂ ಒಂದೇ. ಆದರೆ ಎಲ್ಲರ ಮೈಯೂ ಒಂದೇ ಬಗೆಯಾಗಿ ಸವೆಯದು. ಕ್ವಾರ್ಟರ್‌ಬ್ಯಾಕು ಮೂವತ್ತೈದರಲ್ಲಿಯೂ ಪ್ರೌಢನಾಗಿ ಆಡಬಲ್ಲನು. ಓಟಗಾರನು ಇಪ್ಪತ್ತೊಂದು ಇಪ್ಪತ್ತೆರಡರಲ್ಲಿ ಬಂದು, ಇಪ್ಪತ್ತೈದು ಇಪ್ಪತ್ತಾರರೊಳಗೆ ತನ್ನ ಶಕ್ತಿಯ ಶಿಖರವನ್ನು ಮುಟ್ಟಿ, ಇಪ್ಪತ್ತೆಂಟರ ಬಳಿಕ ಸಾಮಾನ್ಯವಾಗಿ ಇಳಿಯತೊಡಗುವನು. ಅಂದರೆ ಮೊದಲ ಕರಾರಿನ ಅವಧಿಯೂ ಅವನ ಯೌವನದ ಅವಧಿಯೂ ಒಂದೇ. ಅವನು ಬೆಲೆ ಕೇಳಲು ಸ್ವತಂತ್ರನಾಗುವ ದಿನ, ಮಾಲೀಕನು ಪುಸ್ತಕವನ್ನು ತೆರೆದು, ಇವನು ಆಗಲೇ ಸಾವಿರ ಪೆಟ್ಟುಗಳನ್ನು ತಿಂದಿರುವನು, ಇನ್ನೆಷ್ಟು ದಿನ ಬಾಳುವನು ಎಂದು ಎಣಿಸುವನು. ಆ ಪೆಟ್ಟುಗಳನ್ನು ತಿಂದದ್ದು ಯಾರಿಗಾಗಿ ಎಂಬ ಪ್ರಶ್ನೆಯು ಆ ಪುಸ್ತಕದಲ್ಲಿಲ್ಲ. ಗಾಳಿಯಿದ್ದಾಗ ಮೊರವಿಲ್ಲ, ಮೊರ ಬಂದಾಗ ಗಾಳಿಯಿಲ್ಲವೆಂದು ನಾವು ಆರಂಭದಲ್ಲಿ ಹೇಳಿದುದು ಇದನ್ನೇ.

ಇದಕ್ಕೆ ಪ್ರತಿಭಟಿಸಿದವರೂ ಇದ್ದರು. ಪಿಟ್ಸ್‌ಬರ್ಗ್ ತಂಡದ ಲೇವಿಯಾನ್ ಬೆಲ್ ಎಂಬ ನಿಪುಣನು ೨೦೧೮ರಲ್ಲಿ ಸುಮಾರು ೧ ಕೋಟಿ ೪೫ ಲಕ್ಷ ಡಾಲರುಗಳ ಟ್ಯಾಗನ್ನು ತಿರಸ್ಕರಿಸಿ ಇಡೀ ಋತುವನ್ನು ಆಡದೆ ಕಳೆದನು. ೧೯೯೩ರಲ್ಲಿ ಎಮ್ಮಿಟ್ ಸ್ಮಿತ್ ಕುಳಿತಾಗ ಮಾಲೀಕನು ಎರಡು ಪಂದ್ಯಗಳಲ್ಲಿ ಮಣಿದಿದ್ದನಷ್ಟೆ? ಈ ಸಲ ಯಾರೂ ಮಣಿಯಲಿಲ್ಲ. ಬೆಲ್ಲನ ಜಾಗದಲ್ಲಿ ಜೇಮ್ಸ್ ಕಾನರ್ ಎಂಬವನು ೯೭೩ ಗಜ ಓಡಿ, ಹನ್ನೆರಡು ಸಲ ಅಂಕಣವನ್ನು ಮುಟ್ಟಿದನು. ಬೆಲ್ಲನಿಗೆ ಮರುವರ್ಷ ನ್ಯೂಯಾರ್ಕಿನ ಜೆಟ್ಸ್ ತಂಡದಲ್ಲಿ ನಾಲ್ಕು ವರ್ಷಗಳ ಕರಾರು ದೊರೆತರೂ ೨೦೨೦ರ ಅಕ್ಟೋಬರಿನಲ್ಲಿ ಆ ತಂಡವು ಅವನನ್ನು ಬಿಟ್ಟುಬಿಟ್ಟಿತು.

ಮಾಲೀಕರ ಪಕ್ಷವನ್ನೂ ನಾವು ನ್ಯಾಯವಾಗಿ ಹೇಳಬೇಕು. ೨೦೧೮ರ ಜುಲೈನಲ್ಲಿ ಲಾಸ್ ಏಂಜಲೀಸ್ ರ್‍ಯಾಮ್ಸ್ ತಂಡವು ಟಾಡ್ ಗರ್ಲಿ ಎಂಬ ಓಟಗಾರನಿಗೆ ೪ ಕೋಟಿ ೫೦ ಲಕ್ಷ ಡಾಲರುಗಳ ಭರವಸೆಯಿತ್ತು ಕರಾರನ್ನು ವಿಸ್ತರಿಸಿತು. ಆ ಋತುವು ಮುಗಿಯುವುದರೊಳಗೆ ಅವನ ಮೊಣಕಾಲು ಕೈಕೊಟ್ಟಿತು. ಅದೇ ವರ್ಷ ಬೇರೆ ತಂಡಗಳಿಂದ ಹೊರಬಿದ್ದಿದ್ದ ಸಿ. ಜೆ. ಆಂಡರ್ಸನ್ ಎಂಬುವನನ್ನು ಡಿಸೆಂಬರಿನಲ್ಲಿ ಕರೆತಂದರು. ಅವನು ಋತುವಿನ ಕಡೆಯ ಎರಡು ಪಂದ್ಯಗಳಲ್ಲಿ ೧೬೭ ಮತ್ತು ೧೩೨ ಗಜ ಓಡಿದನು. ಗರ್ಲಿಯನ್ನು ೨೦೨೦ರ ಮಾರ್ಚಿಯಲ್ಲಿ ಬಿಟ್ಟುಬಿಟ್ಟರು. ಡಾಲಸ್ ತಂಡವು ೨೦೧೯ರಲ್ಲಿ ಎಝೀಕಿಯಲ್ ಎಲಿಯಟ್ಟನೊಡನೆ ಆರು ವರ್ಷಗಳಿಗೆ ೯ ಕೋಟಿ ಡಾಲರುಗಳ ಕರಾರನ್ನು ಮಾಡಿಕೊಂಡು ೨೦೨೩ರ ಮಾರ್ಚಿಯಲ್ಲಿ ಅವನನ್ನು ಕೈಬಿಟ್ಟಿತು. ಇವುಗಳಿಂದ ಕೈಸುಟ್ಟುಕೊಂಡ ಮಾಲೀಕರು ಜಾಗರೂಕರಾದರೆ ಅದನ್ನು ಕ್ರೌರ್ಯವೆನ್ನಲಾಗದು. ಆದರೆ ಇಲ್ಲಿಯೂ ಒಂದು ಮಾತುಂಟು. ಎರಡನೆಯ ಕರಾರಿನಲ್ಲಿ ಮಾಲೀಕನು ಕಳೆದುಕೊಂಡ ಹಣವನ್ನು ಎಲ್ಲರೂ ಎಣಿಸುವರು. ಮೊದಲನೆಯ ಕರಾರಿನಲ್ಲಿ ಅವನು ಗಳಿಸಿದುದನ್ನು ಎಣಿಸುವವರು ವಿರಳ.

ಒಂದು ಬೇಸಗೆಯ ಸಮಾಲೋಚನೆ

೨೦೨೩ನೆಯ ಇಸವಿಯ ಅಂಕಿಗಳನ್ನು ವಾಚಕರು ಗಮನಿಸಬೇಕು. ಆ ವರ್ಷ ಟ್ಯಾಗಿನ ಮೊತ್ತವು ಕ್ವಾರ್ಟರ್‌ಬ್ಯಾಕಿಗೆ ಸುಮಾರು ೩ ಕೋಟಿ ೨೪ ಲಕ್ಷ ಡಾಲರು. ಚೆಂಡು ಹಿಡಿಯುವವನಿಗೆ ೧ ಕೋಟಿ ೯೭ ಲಕ್ಷ. ಓಟಗಾರನಿಗೆ ೧ ಕೋಟಿ ೯೧ ಸಾವಿರ. ಚೆಂಡನ್ನು ಒದೆಯುವುದಕ್ಕೆ ಮಾತ್ರ ಮೈದಾನಕ್ಕೆ ಬರುವವರನ್ನು ಬಿಟ್ಟರೆ ಓಟಗಾರನಿಗಿಂತ ಕೆಳಗೆ ಯಾರೂ ಇರಲಿಲ್ಲ. ೨೦೧೭ರಲ್ಲಿ ಇದೇ ಓಟಗಾರನ ಮೊತ್ತವು ೧ ಕೋಟಿ ೨೧ ಲಕ್ಷವಿದ್ದಿತು. ಆ ಆರು ವರ್ಷಗಳಲ್ಲಿ ತಂಡಗಳ ಮೇಲ್ಮಿತಿಯು ೧೬ ಕೋಟಿ ೭೦ ಲಕ್ಷದಿಂದ ೨೨ ಕೋಟಿ ೪೮ ಲಕ್ಷಕ್ಕೆ ಏರಿತು. ಓಟಗಾರನ ಮೊತ್ತವು ಇಳಿಯಿತು. ಮನೆಯ ವರಮಾನ ಬೆಳೆದು ಒಬ್ಬ ಮಗನ ತಟ್ಟೆ ಮಾತ್ರ ಕಿರಿದಾದಂತಾಯಿತು. ಒಬ್ಬ ಓಟಗಾರನಿಗೆ ಕಡಿಮೆ ಕೊಟ್ಟರೆ ಸರಾಸರಿಯು ಇಳಿಯುವುದು. ಸರಾಸರಿಯು ಇಳಿದರೆ ಮುಂದಿನವನ ಟ್ಯಾಗೂ ಇಳಿಯುವುದು. ಹೀಗೆ ಇಳಿತವು ಇಳಿತವನ್ನೇ ಹೆರುವುದು.

ಆ ವರ್ಷ ಸೇಕ್ವಾನ್ ಬಾರ್ಕ್ಲಿ, ಜಾಷ್ ಜೇಕಬ್ಸ್, ಟೋನಿ ಪೊಲಾರ್ಡ್ ಎಂಬ ಮೂವರು ಓಟಗಾರರ ಮೇಲೆ ಟ್ಯಾಗು ಬಿದ್ದಿತು. ಜುಲೈ ೧೭ರ ಗಡುವು ಮುಗಿದರೂ ಯಾರೊಬ್ಬರಿಗೂ ದೀರ್ಘಕಾಲದ ಕರಾರು ದೊರೆಯಲಿಲ್ಲ. ಇದಾದ ಐದು ದಿನಗಳಲ್ಲಿ ಆಸ್ಟಿನ್ ಎಕಲರ್ ಎಂಬ ಓಟಗಾರನ ಮುಂದಾಳ್ತನದಲ್ಲಿ ಲೀಗಿನ ಪ್ರಮುಖ ಓಟಗಾರರು ದೂರದೂರದ ಊರುಗಳಿಂದಲೇ ಝೂಮ್ ಯಂತ್ರದ ಮೂಲಕ ಒಂದು ಸಭೆ ಸೇರಿದರು. ಮೈದಾನದಲ್ಲಿ ಪ್ರತಿಸ್ಪರ್ಧಿಗಳಾದವರು ಅಂದು ಒಂದೇ ದುಃಖದ ಪಾಲುದಾರರಾದರು. ಆದರೆ ಒಪ್ಪಂದವು ಇಡೀ ಆಟಗಾರರ ಸಂಘದೊಡನೆ ಆದುದು. ೨೦೨೦ರಲ್ಲಿ ನವೀಕರಿಸಿದ ಅದು ೨೦೩೦ರ ಋತುವಿನವರೆಗೆ ನಡೆಯುವುದು. ಕೆಲವರಿಗಾಗಿ ಅದನ್ನು ಮುರಿಯುವರಾರು? ಆ ಸಭೆಯಲ್ಲಿ ಕುಳಿತಿದ್ದ ಕ್ಲೀವ್‌ಲೆಂಡಿನ ನಿಕ್ ಚಬ್ ಎಂಬುವನಿಗೆ ಎರಡು ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್ ೧೮ರ ಪಂದ್ಯದಲ್ಲಿ ಮೊಣಕಾಲಿಗೆ ಘೋರವಾದ ಗಾಯವಾಯಿತು. ಅವರ ವಾದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಾಗಿರಲಿಲ್ಲ.

ಬಾರ್ಕ್ಲಿಯ ಉತ್ತರ

ಈ ಮೂವರಲ್ಲಿ ಬಾರ್ಕ್ಲಿಯ ಕಥೆಯು ವಿಚಿತ್ರವಾದ ತಿರುವನ್ನು ಪಡೆಯಿತು. ೨೦೧೮ರಲ್ಲಿ ನ್ಯೂಯಾರ್ಕಿನ ಜೈಂಟ್ಸ್ ತಂಡವು ಅವನನ್ನು ಎರಡನೆಯ ಆಯ್ಕೆಯಾಗಿ ತೆಗೆದುಕೊಂಡಿತ್ತು. ೨೦೨೦ರಲ್ಲಿ ಅವನ ಮೊಣಕಾಲಿನ ತಂತು ಹರಿಯಿತು. ಚೇತರಿಸಿಕೊಂಡು ಮತ್ತೆ ಆಡಿದನು. ೨೦೨೩ರ ಮಾರ್ಚಿಯಲ್ಲಿ ತಂಡವು ಒಂದೇ ದಿನ ಎರಡು ಕಾರ್ಯಗಳನ್ನು ಮಾಡಿತು. ಕ್ವಾರ್ಟರ್‌ಬ್ಯಾಕಾದ ಡೇನಿಯಲ್ ಜೋನ್ಸನೊಡನೆ ನಾಲ್ಕು ವರ್ಷಗಳಿಗೆ ೧೬ ಕೋಟಿ ಡಾಲರುಗಳ ಕರಾರನ್ನು ಮಾಡಿತು. ಬಾರ್ಕ್ಲಿಯ ಮೇಲೆ ಒಂದು ವರ್ಷದ ಟ್ಯಾಗನ್ನು ಹಾಕಿತು. ಮರುವರ್ಷ ಅವನನ್ನು ಹೋಗಗೊಟ್ಟಿತು. ಬಾರ್ಕ್ಲಿಯು ನೆರೆಯ ಫಿಲಡೆಲ್ಫಿಯ ತಂಡವನ್ನು ಸೇರಿದರೆ ತನಗೆ ನಿದ್ರೆ ಬರುವುದು ಕಷ್ಟವೆಂದು ಜೈಂಟ್ಸ್ ತಂಡದ ಮಾಲೀಕನು ಹೇಳಿದುದು ಆ ಬೇಸಗೆಯಲ್ಲಿ ದೂರದರ್ಶನದಲ್ಲಿಯೇ ಪ್ರಸಾರವಾಯಿತು. ಬಾರ್ಕ್ಲಿಯು ಸೇರಿದುದು ಆ ತಂಡವನ್ನೇ. ಮೂರು ವರ್ಷಗಳಿಗೆ ೩ ಕೋಟಿ ೭೭ ಲಕ್ಷ ೫೦ ಸಾವಿರ ಡಾಲರುಗಳಿಗೆ.

ಆ ೨೦೨೪ರ ಋತುವಿನಲ್ಲಿ ಅವನು ಹದಿನಾರು ಪಂದ್ಯಗಳಲ್ಲಿ ೨,೦೦೫ ಗಜ ಓಡಿದನು. ನವೆಂಬರ್ ೩ರ ಪಂದ್ಯದಲ್ಲಿ ಎದುರಾಳಿಗೆ ಬೆನ್ನು ಮಾಡಿ, ಹಿಮ್ಮುಖನಾಗಿಯೇ ಅವನ ತಲೆಯ ಮೇಲೆ ಹಾರಿಹೋದುದನ್ನು ಕಂಡು ನೆರೆದವರು ಬೆರಗಾದರು. ಡಿಕರ್ಸನನ ದಾಖಲೆಯನ್ನು ಮೀರಲು ೧೦೧ 
ಗಜಗಳು ಉಳಿದಿರಲು, ಮುಂದಿನ ಮುಖ್ಯ ಪಂದ್ಯಗಳಿಗಾಗಿ ತಂಡವು ಕಡೆಯ ಪಂದ್ಯದಲ್ಲಿ ಅವನಿಗೆ ವಿಶ್ರಾಂತಿ ಕೊಟ್ಟಿತು. ೨೦೨೫ರ ಫೆಬ್ರವರಿ ೯ರಂದು, ಅವನ ಇಪ್ಪತ್ತೆಂಟನೆಯ ಹುಟ್ಟುಹಬ್ಬದ ದಿನವೇ, ಫಿಲಡೆಲ್ಫಿಯವು ೪೦ಕ್ಕೆ ೨೨ ಅಂಕಗಳಿಂದ ಕಾನ್ಸಾಸ್ ಸಿಟಿಯನ್ನು ಸೋಲಿಸಿ ಪ್ರಶಸ್ತಿಯನ್ನು ಗೆದ್ದಿತು. ಮಾರ್ಚಿಯಲ್ಲಿ ಅವನ ಕರಾರಿಗೆ ಎರಡು ವರ್ಷಗಳನ್ನು ಸೇರಿಸಿ ೪ ಕೋಟಿ ೧೨ ಲಕ್ಷ ಡಾಲರುಗಳನ್ನು ಗೊತ್ತುಮಾಡಿದರು. ವರ್ಷಕ್ಕೆ ಎರಡು ಕೋಟಿ ಡಾಲರುಗಳನ್ನು ಮೀರಿದ ಮೊದಲ ಓಟಗಾರನು ಅವನೇ. ಇತ್ತ ಹದಿನಾರು ಕೋಟಿಯ ಜೋನ್ಸನನ್ನು ಜೈಂಟ್ಸ್ ತಂಡವು ೨೦೨೪ರ ನವೆಂಬರಿನಲ್ಲಿಯೇ ಬಿಟ್ಟುಬಿಟ್ಟಿತ್ತು.

ಇದನ್ನು ಕೇಳಿ, ಓಟಗಾರನ ಕಾಲವು ಮರಳಿತೆಂದು ಜಯಘೋಷ ಮಾಡುವುದು ಸುಲಭ. ನಾವು ಅಷ್ಟು ದೂರ ಹೋಗಲಾರೆವು. ಫಿಲಡೆಲ್ಫಿಯದ ಮುಂದಿನ ಸಾಲು ಲೀಗಿನಲ್ಲಿಯೇ ಬಲಿಷ್ಠವಾದುದಾಗಿತ್ತು. ಅಂತಹ ಗೋಡೆಯು ನ್ಯೂಯಾರ್ಕಿನಲ್ಲಿ ಅವನಿಗೆ ದೊರೆತಿರಲಿಲ್ಲ. ಪ್ರಶಸ್ತಿಯ ಪಂದ್ಯದಲ್ಲಿಯಾದರೋ ಎದುರಾಳಿಗಳೆಲ್ಲರೂ ಅವನನ್ನೇ ಕಾದು ನಿಂತುದರಿಂದ ೨೫ ಸಲ ಓಡಿದರೂ ೫೭ ಗಜಗಳು ಮಾತ್ರ ದೊರೆತುವು. ಗೆಲವನ್ನು ತಂದವರು ಎಸೆಯುವವನೂ ರಕ್ಷಕರೂ. ಆದರೆ ಹಾಗೆ ಎಲ್ಲರೂ ಒಬ್ಬನನ್ನೇ ಕಾಯುವಂತೆ ಮಾಡಿದುದೂ ಒಂದು ಕೆಲಸವೇ. ಅದು ಗಜಗಳ ಪಟ್ಟಿಯಲ್ಲಿ ಕಾಣಿಸದು. ಒಳ್ಳೆಯ ಗೋಡೆಯಿದ್ದರೆ ಯಾವನಾದರೂ ಓಡುವನೆಂಬುದು ಅರ್ಧ ಸತ್ಯ. ಅದೇ ಗೋಡೆಯ ಹಿಂದೆ ಅಸಾಧಾರಣನೊಬ್ಬನಿದ್ದರೆ ಆಟದ ಸ್ವರೂಪವೇ ಬದಲಾಗುವುದೆಂಬುದು ಉಳಿದ ಅರ್ಧ.

ಉಪಸಂಹಾರ

ಕೋಟಿ ಡಾಲರು ಪಡೆಯುವವರಿಗಾಗಿ ಮರುಗುವುದೇಕೆಂದು ಕೇಳುವ ವಾಚಕರಿದ್ದಾರು. ಆ ಪ್ರಶ್ನೆಯು ಅನುಚಿತವಲ್ಲ. ಆದರೆ ಕೋಟಿಗಳು ದೊರೆಯುವುದು ಬೆರಳೆಣಿಕೆಯವರಿಗೆ. ಕಡೆಯ ಸುತ್ತುಗಳಲ್ಲಿ ಆಯ್ಕೆಯಾಗಿ, ಎರಡು ಮೂರು ವರ್ಷ ಪೆಟ್ಟು ತಿಂದು, ಎರಡನೆಯ ಕರಾರಿನ ಮುಖವನ್ನೇ ಕಾಣದೆ ಮನೆಗೆ ಹಿಂದಿರುಗುವವರು ಬಹುಮಂದಿ. ಅವರ ಹೆಸರುಗಳು ನಮಗೆ ತಿಳಿಯವು. ಅವರ ಮೊಣಕಾಲುಗಳ ನೋವು ಅವರಿಗೆ ತಿಳಿದಿರುವುದು.

ಪರಿಹಾರಗಳೂ ಇಲ್ಲದಿಲ್ಲ. ಕಡಿಮೆ ಸಂಬಳದವನು ಹೆಚ್ಚು ಆಡಿದರೆ ಋತುವಿನ ಕೊನೆಗೆ ಒಂದಿಷ್ಟು ಹೆಚ್ಚಿನ ಹಣ ಕೊಡುವ ಏರ್ಪಾಡು ಆ ಲೀಗಿನಲ್ಲಿ ಈಗಲೂ ಉಂಟು, ಅದನ್ನು ಹಿಗ್ಗಿಸಬಹುದು. ಬೇಗ ಸವೆಯುವ ಸ್ಥಾನದವರಿಗೆ ಮೊದಲ ಕರಾರನ್ನು ಮೊಟಕುಮಾಡಬಹುದು. ಆದರೆ ಯಾವುದನ್ನೇ ಮಾಡುವ ಮುನ್ನ ಒಂದು ವಿಚಾರವು ಸ್ಪಷ್ಟವಾಗಬೇಕು. ಬೆಲೆಯೂ ಯೋಗ್ಯತೆಯೂ ಒಂದೇ ಅಲ್ಲ. ಬೇರೆ ಯಾರಾದರೂ ಮಾಡಬಹುದಾದ ಕೆಲಸವೆಂದರೆ ಬೆಲೆಯಿಲ್ಲದ ಕೆಲಸವೆಂದಲ್ಲ. ನಮ್ಮ ಮನೆಗಳಲ್ಲಿಯೇ ಬೆಳಗಿನಿಂದ ಇರುಳಿನವರೆಗೆ ನಡೆಯುವ ಎಷ್ಟೋ ದುಡಿಮೆಗಳು, ಯಾರಾದರೂ ಮಾಡುವರು ಎಂಬ ಭಾವನೆಯಿಂದಲೇ, ಎಣಿಕೆಗೆ ಬಾರದೆ ಉಳಿದಿರುವುವು. ದುಡಿಯುವ ಮೈಯಲ್ಲಿ ಕಸುವಿರುವಾಗಲೇ ಅದಕ್ಕೆ ಸಲ್ಲತಕ್ಕುದನ್ನು ಸಲ್ಲಿಸುವುದು ಧರ್ಮ. ಕಸುವು ಕುಂದಿದ ಮೇಲೆ ಹಾರ ಹಾಕಿ ಹೊಗಳುವುದು ಸುಲಭ. ಅದಕ್ಕೆ ವೆಚ್ಚವೂ ಕಡಿಮೆ.